ಮನೆಯಿಂದಲೇ ಅಂಗಡಿಯ ಟ್ಯಾಲಿ: ವಿಂಡೋಸ್‌ನಲ್ಲಿ ವಿಪಿಎನ್ ಹಾಕಿಕೊಳ್ಳುವುದು ಹೇಗೆ

ಮೆಕ್ಕೆಜೋಳದ ಸುಗ್ಗಿ ಶುರುವಾಯಿತು ಅಂದ್ರೆ ದಾವಣಗೆರೆಯ ಮಂಡಿಗಳಲ್ಲಿ ಲೆಕ್ಕ ಬರೆಯುವವರಿಗೆ ಹಗಲು ರಾತ್ರಿ ಎಲ್ಲಾ ಒಂದೇ. ಹಗಲೆಲ್ಲ ಲಾರಿ, ತೂಕದ ಚೀಟಿ, ಹಮಾಲರ ಕೂಲಿ. ಅದೆಲ್ಲ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ಗೆ ಹತ್ತುವುದು ಅಂಗಡಿ ಬಾಗಿಲು ಹಾಕುವ ಹೊತ್ತಿಗೆ. ಅದರ ಮೇಲೆ ಪ್ರತಿ ತಿಂಗಳು 11ನೇ ತಾರೀಕಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್‌ಗಳು. ಹಾಗಾಗಿ ನನಗೆ ಜಾಸ್ತಿ ಬರುವ ಫೋನ್ ಇದೇ: "ಅಂಗಡಿ ಕಂಪ್ಯೂಟರ್ ಮನೆಯಿಂದಲೇ ನೋಡೋ ಹಾಗೆ ಏನಾದ್ರೂ ಮಾಡಿಕೊಡ್ರಿ, ಊಟ ಮಾಡಿ ಮತ್ತೆ ಮಂಡಿಪೇಟೆಗೆ ಬರೋಕಾಗಲ್ಲ."

ಮಾಡಬಹುದು. ಹೊಸ ಸಾಫ್ಟ್‌ವೇರ್ ಏನೂ ಹಾಕದೆ, ವಿಂಡೋಸ್ ಒಳಗೇ ಇರುವ ವಿಪಿಎನ್‌ನಿಂದಲೇ ಮಾಡಬಹುದು. ಆದರೆ ಅದಕ್ಕೂ ಮುಂಚೆ, ಹೇಗೆ ಮಾಡಬಾರದು ಅನ್ನುವುದನ್ನು ಹೇಳಲೇಬೇಕು. ಯಾಕಂದ್ರೆ ನಮ್ಮೂರಿನ ಎಷ್ಟೋ ಅಂಗಡಿಗಳಲ್ಲಿ ನಾನು ಈಗಲೂ ನೋಡುವುದು ಆ ದಾರಿಯನ್ನೇ. ರೂಟರ್‌ನಲ್ಲಿ 3389 ಅನ್ನುವ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಒಂದು ಬಾಗಿಲು, ತೆರೆದು, ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಇಂಟರ್ನೆಟ್‌ಗೆ ಬಿಟ್ಟಿರುತ್ತಾರೆ. ಐದು ನಿಮಿಷದ ಕೆಲಸ, ಅವತ್ತೇ ಶುರುವಾಗುತ್ತದೆ, ಎಲ್ಲರಿಗೂ ಖುಷಿ.

ಹಾಗೆ ತೆರೆದಿಟ್ಟ ಒಂದು ಅಂಗಡಿಯಿಂದ ಒಂದು ಸೋಮವಾರ ಬೆಳಿಗ್ಗೆ ನನಗೆ ಕರೆ ಬಂತು. ಟ್ಯಾಲಿ ತೆರೆದರೆ ಕಂಪನಿಗಳ ಪಟ್ಟಿ ಖಾಲಿ. ಡೇಟಾ ಫೋಲ್ಡರ್‌ಗೆ ಹೋದರೆ ಒಂದೊಂದು ಫೈಲಿನ ಹೆಸರಿಗೂ ಗುರುತಿಲ್ಲದ ಅಕ್ಷರಗಳ ಬಾಲ ಅಂಟಿಕೊಂಡಿತ್ತು. ಡೆಸ್ಕ್‌ಟಾಪ್ ಮೇಲೆ ಒಂದು ನೋಟ್‌ಪ್ಯಾಡ್ ಫೈಲ್, ದುಡ್ಡು ಕಳಿಸಿದರೆ ಬಿಡಿಸಿಕೊಡುತ್ತೇವೆ ಅಂತ. ಬ್ಯಾಕಪ್ ಇತ್ತು. ಆದರೆ ಬ್ಯಾಕಪ್‌ನ ಪೆನ್‌ಡ್ರೈವ್ ಅದೇ ಕಂಪ್ಯೂಟರ್‌ಗೆ ಚುಚ್ಚಿಕೊಂಡೇ ಇದ್ದುದರಿಂದ ಅದರೊಳಗಿನದೂ ಹೋಗಿತ್ತು. ಮಾಲೀಕರು ಒಂದು ಮಾತೂ ಆಡದೆ ಕಪಾಟಿನಿಂದ ಬಿಲ್ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ ಮೇಜಿನ ಮೇಲೆ ಇಟ್ಟರು. ಮತ್ತೆ ಮೊದಲಿನಿಂದ ಎಂಟ್ರಿ ಮಾಡಲು ಇಬ್ಬರು ಹುಡುಗರಿಗೆ ಎರಡು ತಿಂಗಳು ಹಿಡಿಯಿತು.

ಚಿತ್ರದುರ್ಗದ ಕೋಟೆ ಹತ್ತಿ ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಏಳು ಸುತ್ತು ಗೋಡೆ ಇದ್ದರೂ ಹೈದರಾಲಿಯ ಸೈನಿಕರು ನುಸುಳಿದ್ದು ಮೊಸರು ಮಾರುವವಳು ಓಡಾಡುತ್ತಿದ್ದ ಕಿಂಡಿಯಿಂದ ಅಂತ ಕಥೆ ಇದೆ, ಅಲ್ವಾ? ಅದು ನಮ್ಮವರ ಅನುಕೂಲಕ್ಕೆ ಇದ್ದ ದಾರಿ. 3389 ಕೂಡ ಹಾಗೇ. ಈ ಪೋರ್ಟ್ ಎಲ್ಲಿ ತೆರೆದಿದೆ ಅಂತ ಹುಡುಕುವ ಪ್ರೋಗ್ರಾಂಗಳು ಇಂಟರ್ನೆಟ್‌ನಲ್ಲಿ ಹಗಲಿರುಳು ಓಡುತ್ತಿರುತ್ತವೆ. ಸಿಕ್ಕ ಕಡೆ ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಹಾಕಿ ನೋಡುತ್ತವೆ. ನಮ್ಮದು ಸಣ್ಣ ಅಂಗಡಿ, ನಮ್ಮನ್ನ ಯಾರು ಕೇಳ್ತಾರೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಆ ಪ್ರೋಗ್ರಾಂಗೆ ಅಂಗಡಿ ಯಾವುದು, ಬ್ಯಾಂಕ್ ಯಾವುದು ಗೊತ್ತಿಲ್ಲ. ತೆರೆದ ಪೋರ್ಟ್ ಕಂಡರೆ ಸಾಕು. ನಂಬರ್ ಬದಲಿಸಿ 3390 ಮಾಡಿದ್ದೇವೆ ಅನ್ನುವವರೂ ಇದ್ದಾರೆ. ಅದನ್ನೂ ಹುಡುಕುತ್ತವೆ.

ವಿಪಿಎನ್ ಹಾಕಿದರೆ ಏನಾಗುತ್ತದೆ? ನಿಮ್ಮ ಮನೆಯ ಲ್ಯಾಪ್‌ಟಾಪ್‌ಗೂ ಅಂಗಡಿಯ ರೂಟರ್‌ಗೂ ಮಧ್ಯೆ ಇಂಟರ್ನೆಟ್ ಒಳಗಡೆಯೇ ಒಂದು ಬೀಗ ಹಾಕಿದ ಕೊಳವೆ ಎಳೆದ ಹಾಗೆ. ಮೊದಲು ರೂಟರ್ ಹತ್ತಿರ ನಿಮ್ಮ ಗುರುತು ತೋರಿಸಬೇಕು, ಆಮೇಲಷ್ಟೇ ಒಳಗಿನ ಕಂಪ್ಯೂಟರ್‌ಗಳು ಕಾಣುತ್ತವೆ. ಹೊರಗಿನವರಿಗೆ ರಿಮೋಟ್ ಡೆಸ್ಕ್‌ಟಾಪ್ ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಕೊಳವೆಯಲ್ಲಿ ಹೋಗುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಬೇರೆಯವರು ಓದಲಾಗದ ಹಾಗೆ ಇರುತ್ತದೆ. ಜಾಹೀರಾತಿನಲ್ಲಿ ಬರುವ, ಬೇರೆ ದೇಶದಲ್ಲಿ ಇದ್ದಂತೆ ತೋರಿಸುವ ವಿಪಿಎನ್ ಆ್ಯಪ್‌ಗಳ ಕಥೆ ಬೇರೆ, ಅವುಗಳ ಮಾತು ಕೊನೆಗೆ.

ಮೊದಲು ಒಂದು ಚೀಟಿ ಬರೆದುಕೊಳ್ಳಿ

ಅರ್ಧ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ವಿಂಡೋಸ್ ತೆರೆದು ಕೂತ ಮೇಲೆ ಅದು ಏನೇನೋ ಕೇಳುತ್ತದೆ, ಇವರಿಗೆ ಉತ್ತರ ಗೊತ್ತಿರುವುದಿಲ್ಲ. ಅಂಗಡಿಯ ಅಥವಾ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಮೊದಲೇ ಕೇಳಿ ಐದು ವಿಷಯ ಬರೆದಿಟ್ಟುಕೊಳ್ಳಿ. ಸರ್ವರ್ ವಿಳಾಸ, ಅದು ನಾಲ್ಕು ಭಾಗದ ಐಪಿ ನಂಬರ್ ಇರಬಹುದು ಅಥವಾ ಒಂದು ಹೆಸರು ಇರಬಹುದು. ವಿಪಿಎನ್‌ನ ಬಗೆ ಯಾವುದು. ಪ್ರೀ-ಶೇರ್ಡ್ ಕೀ, ಅಂದರೆ ಎರಡೂ ಕಡೆ ಮೊದಲೇ ಹಂಚಿಕೊಂಡ ಗುಟ್ಟಿನ ಪದ, ಇದ್ದರೆ ಅದು. ನಿಮ್ಮ ಯೂಸರ್ ನೇಮ್ ಮತ್ತು ಪಾಸ್‌ವರ್ಡ್. ಇದರ ಜೊತೆ ಇನ್ನೊಂದನ್ನು ತಪ್ಪದೆ ಕೇಳಿ: ಟ್ಯಾಲಿ ಇರುವ ಕಂಪ್ಯೂಟರ್‌ನ ಒಳಗಿನ ಐಪಿ ನಂಬರ್ ಎಷ್ಟು ಅಂತ. ಇದನ್ನು ಕೇಳುವುದು ಯಾರಿಗೂ ನೆನಪಾಗುವುದಿಲ್ಲ, ವಿಪಿಎನ್ ಸೇರಿದ ಮೇಲೆ ಈಗ ಎಲ್ಲಿಗೆ ಹೋಗಬೇಕು ಅಂತ ಕೂತಿರುತ್ತಾರೆ.

ಎಲ್ಲವನ್ನೂ ಒಂದೇ ವಾಟ್ಸಾಪ್ ಮೆಸೇಜಿನಲ್ಲಿ ಕಳಿಸಬೇಡಿ, ಕಳಿಸಿಕೊಳ್ಳಲೂ ಬೇಡಿ. ವಿಳಾಸ, ಕೀ ಮೆಸೇಜಿನಲ್ಲಿ ಬರಲಿ, ಪಾಸ್‌ವರ್ಡ್ ಫೋನಿನಲ್ಲಿ ಬಾಯಿಮಾತಲ್ಲಿ ಹೇಳಲಿ. ಕಾಪಿ ಮಾಡಿ ಅಂಟಿಸುವಾಗ ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡು ಬರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಆ ಒಂದು ಸ್ಪೇಸ್‌ಗಾಗಿ ಇಡೀ ಸಂಜೆ ಹಾಳಾದದ್ದನ್ನು ನೋಡಿದ್ದೇನೆ.

ಬಗೆ ಯಾವುದು ಅನ್ನುವುದನ್ನು ನಿರ್ಧರಿಸುವುದು ಅಂಗಡಿಯ ರೂಟರ್, ನೀವಲ್ಲ. ಆದರೂ ತಿಳಿದಿರಲಿ. ವಿಂಡೋಸ್‌ನ ಪಟ್ಟಿಯಲ್ಲಿ ಪಿಪಿಟಿಪಿ, ಎಲ್2ಟಿಪಿ, ಎಸ್‌ಎಸ್‌ಟಿಪಿ, ಐಕೆಇವಿ2 ಅಂತ ಇರುತ್ತವೆ. ಪಿಪಿಟಿಪಿ ತುಂಬಾ ಹಳೆಯದು, 1990ರ ದಶಕದ್ದು. ಅದರ ಪಾಸ್‌ವರ್ಡ್ ಪದ್ಧತಿಯನ್ನು ಒಡೆಯಬಹುದು ಅಂತ 2012ರಲ್ಲೇ ಎಲ್ಲರ ಮುಂದೆ ತೋರಿಸಿದ್ದಾರೆ. "ಅದೇ ಸುಲಭ, ಅದನ್ನೇ ಹಾಕಿದೀವಿ" ಅಂತ ಯಾರಾದರೂ ಅಂದರೆ ಬೇಡ ಅನ್ನಿ, ನಾಚಿಕೊಳ್ಳಬೇಡಿ. ಎಲ್2ಟಿಪಿ ಹೆಚ್ಚು ಕಡೆ ಸಿಗುತ್ತದೆ, ಉದ್ದನೆಯ ಕೀ ಇಟ್ಟರೆ ಕೆಲಸಕ್ಕೆ ಬರುತ್ತದೆ. ಆದರೆ ಪಿಪಿಟಿಪಿ ಮತ್ತು ಎಲ್2ಟಿಪಿ ಎರಡನ್ನೂ ಮುಂದಿನ ವಿಂಡೋಸ್ ಸರ್ವರ್‌ಗಳಿಂದ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಹಾಗಾಗಿ ಹೊಸದಾಗಿ ಹಾಕಿಸುವವರು ಐಕೆಇವಿ2 ಅಥವಾ ಎಸ್‌ಎಸ್‌ಟಿಪಿ ಕೇಳಿ.

ಇವೆರಡರಲ್ಲಿ ನನಗೆ ಐಕೆಇವಿ2 ಇಷ್ಟ. ಮನೆಯ ವೈಫೈ ಹೋಗಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾದರೂ ಸಾಮಾನ್ಯವಾಗಿ ಅದು ತಾನೇ ಮತ್ತೆ ಹಿಡಿದುಕೊಳ್ಳುತ್ತದೆ. ಸಂಜೆ ಕರೆಂಟ್ ಹೋಗಿ ಬರುವ ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ. ಎಸ್‌ಎಸ್‌ಟಿಪಿ ಹೋಗುವುದು 443ನೇ ಪೋರ್ಟ್‌ನಲ್ಲಿ, ಅಂದರೆ ಬ್ಯಾಂಕಿನ ವೆಬ್‌ಸೈಟ್ ತೆರೆಯುವ ದಾರಿಯಲ್ಲೇ. ಹಾಗಾಗಿ ಹಾಸ್ಟೆಲ್, ಲಾಡ್ಜ್ ವೈಫೈಗಳಲ್ಲಿ ಬೇರೆಲ್ಲ ನಿಂತರೂ ಇದು ದಾಟಿಬಿಡುತ್ತದೆ.

ಈಗ ವಿಂಡೋಸ್‌ನಲ್ಲಿ

ಇದು ಇಡೀ ಕೆಲಸದಲ್ಲಿ ಚಿಕ್ಕ ಭಾಗ. ಕೀಬೋರ್ಡ್‌ನಲ್ಲಿ ವಿಂಡೋಸ್ ಗುರುತಿನ ಕೀ ಮತ್ತು ಐ ಒಟ್ಟಿಗೆ ಒತ್ತಿ, ಸೆಟ್ಟಿಂಗ್ಸ್ ತೆರೆಯುತ್ತದೆ. "ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್" ಒಳಗೆ "ವಿಪಿಎನ್" ಇದೆ. ವಿಂಡೋಸ್ 11ರಲ್ಲಿ "ಆ್ಯಡ್ ವಿಪಿಎನ್" ಅಂತ ಬಟನ್, 10ರಲ್ಲಿ ಕೂಡಿಸುವ ಗುರುತಿನ ಪಕ್ಕ "ಆ್ಯಡ್ ಎ ವಿಪಿಎನ್ ಕನೆಕ್ಷನ್" ಅಂತ ಇರುತ್ತದೆ. ಇನ್ನೂ ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಮಾತು: 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಲೆಕ್ಕದ ಕಂಪ್ಯೂಟರ್ ಆದರೆ 11ಕ್ಕೆ ಹೋಗುವ ಯೋಚನೆ ಮಾಡಿ.

ಬಟನ್ ಒತ್ತಿದರೆ ಒಂದು ಫಾರಂ ಬರುತ್ತದೆ. ಮೊದಲನೇ ಸಾಲು "ವಿಪಿಎನ್ ಪ್ರೊವೈಡರ್", ಅಲ್ಲಿ "ವಿಂಡೋಸ್ ಬಿಲ್ಟ್-ಇನ್" ಅಂತ ಒಂದೇ ಆಯ್ಕೆ ಇರುತ್ತದೆ ಸಾಮಾನ್ಯವಾಗಿ, ಅದನ್ನೇ ಆರಿಸಿ. "ಕನೆಕ್ಷನ್ ನೇಮ್"ಗೆ ನಿಮಗೆ ಗುರುತು ಸಿಗುವ ಹೆಸರು ಕೊಡಿ. ಎರಡು ಮೂರು ಅಂಗಡಿಯ ಲೆಕ್ಕ ಬರೆಯುವವರು ಸುಮ್ನೆ "ವಿಪಿಎನ್" ಅಂತ ಇಡಬೇಡಿ, "ಮಂಡಿಪೇಟೆ ಅಂಗಡಿ", "ಹರಿಹರ ಗೋಡೌನ್" ಅಂತ ಇಟ್ಟರೆ ರಾತ್ರಿ ಹತ್ತಕ್ಕೆ ಒಬ್ಬರ ಬಿಲ್ ಇನ್ನೊಬ್ಬರ ಪುಸ್ತಕಕ್ಕೆ ಹೋಗುವುದು ತಪ್ಪುತ್ತದೆ. ಮೂರನೆಯದು ಸರ್ವರ್ ವಿಳಾಸ. ಚೀಟಿ ನೋಡಿ ಹಾಗೇ ಬರೆಯಿರಿ, ಮುಂದೆ ಎಚ್‌ಟಿಟಿಪಿ ಅಂತೆಲ್ಲ ಸೇರಿಸಬೇಡಿ.

"ವಿಪಿಎನ್ ಟೈಪ್" ಅನ್ನುವ ಕಡೆ "ಆಟೋಮ್ಯಾಟಿಕ್" ಅಂತ ಇರುತ್ತದೆ. ಅದನ್ನು ಹಾಗೇ ಬಿಡುವವರು ಜಾಸ್ತಿ. ಬಿಡಬೇಡಿ. ಆಟೋಮ್ಯಾಟಿಕ್ ಇದ್ದರೆ ವಿಂಡೋಸ್ ಒಂದಾದ ಮೇಲೊಂದು ಬಗೆಯನ್ನು ಪ್ರಯತ್ನಿಸುತ್ತಾ ಕೂರುತ್ತದೆ. ಸೋತಾಗ ಯಾವುದು ಯಾಕೆ ಸೋತಿತು ಅಂತ ನಿಮಗೆ ತಿಳಿಯುವುದಿಲ್ಲ. ಚೀಟಿಯಲ್ಲಿ ಇರುವ ಬಗೆಯನ್ನೇ ಆರಿಸಿ. ಎಲ್2ಟಿಪಿ ಎರಡು ಸಲ ಕಾಣುತ್ತದೆ, ಒಂದು ಸರ್ಟಿಫಿಕೇಟ್ (ಗುರುತು ಸಾಬೀತು ಮಾಡುವ ಫೈಲ್) ಜೊತೆ, ಇನ್ನೊಂದು ಪ್ರೀ-ಶೇರ್ಡ್ ಕೀ ಜೊತೆ. ಕೀ ಇರುವುದನ್ನು ಆರಿಸಿದರೆ ಕೀ ಬರೆಯಲು ಜಾಗ ತೆರೆಯುತ್ತದೆ. ಅದರ ಕೆಳಗೆ ಸೈನ್-ಇನ್ ಬಗೆಗೆ "ಯೂಸರ್ ನೇಮ್ ಆ್ಯಂಡ್ ಪಾಸ್‌ವರ್ಡ್". ಎರಡನ್ನೂ ತುಂಬಿ. "ರಿಮೆಂಬರ್ ಮೈ ಸೈನ್-ಇನ್ ಇನ್ಫೋ" ಅನ್ನುವುದಕ್ಕೆ ನಿಮ್ಮೊಬ್ಬರದೇ ಲ್ಯಾಪ್‌ಟಾಪ್ ಆದರೆ ಟಿಕ್ ಇರಲಿ. ಮನೆಯಲ್ಲಿ ಮಕ್ಕಳು, ಅಕ್ಕಪಕ್ಕದವರು ಎಲ್ಲಾ ಕೂರುವ ಕಂಪ್ಯೂಟರ್ ಆದರೆ ಟಿಕ್ ತೆಗೆಯಿರಿ. "ಸೇವ್" ಒತ್ತಿ, ಆ ಹೆಸರಿನ ಎದುರು "ಕನೆಕ್ಟ್" ಒತ್ತಿ.

"ಕನೆಕ್ಟೆಡ್" ಅಂತ ಬಂತಾ? ಆಮೇಲಿನ ದಿನಗಳಲ್ಲಿ ಇಷ್ಟು ದೂರ ಬರಬೇಕಿಲ್ಲ, ಕೆಳಗೆ ಗಡಿಯಾರದ ಪಕ್ಕ ವೈಫೈ ಗುರುತು ಒತ್ತಿದರೆ ಅಲ್ಲೇ ವಿಪಿಎನ್ ಸಿಗುತ್ತದೆ.

ಈಗ ಟ್ಯಾಲಿಗೆ ಹೋಗುವುದು. ಸ್ಟಾರ್ಟ್‌ನಲ್ಲಿ "ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್" ಅಂತ ಹುಡುಕಿ, ಅದರಲ್ಲಿ ಅಂಗಡಿ ಕಂಪ್ಯೂಟರ್‌ನ ಒಳಗಿನ ಐಪಿ ಕೊಡಿ. ನಿಮ್ಮ ಮನೆಯದು ವಿಂಡೋಸ್ ಹೋಮ್ ಆದರೂ ನಡೆಯುತ್ತದೆ, ಆದರೆ ಅಂಗಡಿಯದು ಪ್ರೊ ಇರಬೇಕು, ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿರಬೇಕು. ಪ್ರೊನಲ್ಲಿ ಒಂದು ಸಲಕ್ಕೆ ಒಬ್ಬರಿಗೇ ಜಾಗ. ನೀವು ಮನೆಯಿಂದ ಒಳಗೆ ಹೋದರೆ ಅಂಗಡಿಯಲ್ಲಿ ಕೂತವರ ಸ್ಕ್ರೀನ್ ಲಾಕ್ ಆಗುತ್ತದೆ. ಗಾಬರಿಯಾಗಬಾರದು ಅಂದ್ರೆ ಮೊದಲೇ ಫೋನ್ ಮಾಡಿ ಹೇಳಿ.

ಕೆಲವರು ರಿಮೋಟ್ ಡೆಸ್ಕ್‌ಟಾಪ್ ಬಿಟ್ಟು, ಟ್ಯಾಲಿ ಡೇಟಾ ಫೋಲ್ಡರನ್ನು ಶೇರ್ ಮಾಡಿ ಮನೆಯ ಟ್ಯಾಲಿಯಿಂದ ವಿಪಿಎನ್ ಮೂಲಕ ತೆರೆಯುತ್ತಾರೆ. ದಯವಿಟ್ಟು ಬೇಡ. ಒಂದೊಂದು ಎಂಟ್ರಿಗೂ ಅರ್ಧ ನಿಮಿಷ ಕಾಯಬೇಕಾಗುತ್ತದೆ, ಮಧ್ಯೆ ಲೈನ್ ಕಡಿದರೆ ಡೇಟಾ ಕೆಡುವ ಅಪಾಯ ಇದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲೈನ್ ಹೋದರೆ ಚಿತ್ರ ಮಾತ್ರ ನಿಲ್ಲುತ್ತದೆ. ಟ್ಯಾಲಿ ಅಲ್ಲಿ ತನ್ನ ಪಾಡಿಗೆ ತೆರೆದೇ ಇರುತ್ತದೆ, ಮತ್ತೆ ಸೇರಿದರೆ ಬಿಟ್ಟ ಕಡೆಯಿಂದ ಬರೆಯಬಹುದು.

ಕನೆಕ್ಟೆಡ್ ಅನ್ನುತ್ತದೆ, ಆದರೆ ಟ್ಯಾಲಿ ಸಿಗುವುದಿಲ್ಲ

ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ಇದು ನನ್ನ ಎಷ್ಟೋ ಸಂಜೆಗಳನ್ನು ತಿಂದಿದೆ.

ವಿದ್ಯಾನಗರದ ಒಂದು ಮನೆ. ಅಂಗಡಿಯ ಲೆಕ್ಕ ಬರೆಯುವ ಅಕ್ಕ ಒಬ್ಬರು, ಮಾರನೇ ದಿನ ರಿಟರ್ನ್ ಕಟ್ಟಬೇಕು. ವಿಪಿಎನ್ ಚೆನ್ನಾಗಿ ಸೇರಿತು. ಅಂಗಡಿ ಕಂಪ್ಯೂಟರ್‌ನ ನಂಬರ್ 192.168.1.10. ರಿಮೋಟ್ ಡೆಸ್ಕ್‌ಟಾಪ್‌ಗೆ ಅದನ್ನು ಕೊಟ್ಟರೆ ಸುತ್ತಿ ಸುತ್ತಿ ಆಗಲ್ಲ ಅನ್ನುತ್ತಿತ್ತು. ಕಮಾಂಡ್ ಪ್ರಾಂಪ್ಟ್ ತೆರೆದು ಆ ನಂಬರ್‌ಗೆ ಪಿಂಗ್ ಮಾಡಿದೆ, ಅಂದರೆ ಅಲ್ಲಿ ಇದ್ದೀಯಾ ಅಂತ ಕೇಳಿ ನೋಡಿದೆ, ಉತ್ತರ ಬರುತ್ತಿತ್ತು! ಹಾಗಾದರೆ ಕಂಪ್ಯೂಟರ್ ಸಿಗುತ್ತಿದೆ, ಫೈರ್‌ವಾಲ್ ತಡೆಯುತ್ತಿದೆ ಅಂದುಕೊಂಡು ಅಂಗಡಿಯ ಹುಡುಗನಿಗೆ ಫೋನ್ ಮಾಡಿ ಅಲ್ಲಿ ಎಲ್ಲವನ್ನೂ ಒಂದೊಂದಾಗಿ ತಿರುಗಿಸಿ ನೋಡಿಸಿದೆ. ಒಂದು ಗಂಟೆ ಹೋಯಿತು. ಆಮೇಲೆ ಪಿಂಗ್‌ನ ಸಮಯದ ಮೇಲೆ ಕಣ್ಣು ಬಿತ್ತು. 2 ಮಿಲಿಸೆಕೆಂಡ್. ಮನೆಯ ಲೈನ್ ದಾಟಿ, ಅಂಗಡಿಯ ಲೈನ್ ದಾಟಿ ಹೋಗಿ ಬರುವುದಕ್ಕೆ ಅಷ್ಟು ಕಡಿಮೆ ಸಾಕಾಗುವುದಿಲ್ಲ. ಬ್ರೌಸರ್‌ನಲ್ಲಿ ಅದೇ ನಂಬರ್ ಹಾಕಿದೆ. ಆ ಮನೆಯ ವೈಫೈ ಪ್ರಿಂಟರ್‌ನ ಪುಟ ತೆರೆಯಿತು, ಯಾವ ಬಣ್ಣದ ಇಂಕ್ ಎಷ್ಟು ಉಳಿದಿದೆ ಅಂತ ತೋರಿಸುತ್ತಾ.

ಆಗಿದ್ದು ಇಷ್ಟೇ. ಹೆಚ್ಚಿನ ರೂಟರ್‌ಗಳು ಕಾರ್ಖಾನೆಯಿಂದ ಬರುವಾಗಲೇ ಒಳಗಿನ ನಂಬರ್‌ಗಳನ್ನು 192.168.1 ಅಥವಾ 192.168.0 ಅಂತ ಇಟ್ಟುಕೊಂಡು ಬರುತ್ತವೆ. ಅಂಗಡಿಯಲ್ಲೂ 192.168.1, ಮನೆಯಲ್ಲೂ 192.168.1. ಲ್ಯಾಪ್‌ಟಾಪ್ 192.168.1.10 ಎಲ್ಲಿದೆ ಅಂತ ನೋಡುವಾಗ ಮನೆಯೊಳಗೇ ಆ ಸಾಲು ಇರುವುದರಿಂದ ಕೊಳವೆಗೆ ಹಾಕುವುದೇ ಇಲ್ಲ, ಪಕ್ಕದ ಕೋಣೆಗೆ ಕಳಿಸುತ್ತದೆ. ಒಂದೇ ಹೆಸರಿನ ಎರಡು ಬೀದಿ ಇದ್ದರೆ ಪೋಸ್ಟ್‌ಮ್ಯಾನ್ ಹತ್ತಿರದ ಬೀದಿಗೆ ಕೊಟ್ಟು ಹೋದ ಹಾಗೆ.

ಪರಿಹಾರ, ಎರಡರಲ್ಲಿ ಒಂದು ಕಡೆ ನಂಬರ್ ಬದಲಿಸುವುದು. ಅವತ್ತು ರಾತ್ರಿಗೆ ಮನೆಯ ರೂಟರ್ ಬದಲಿಸಿದೆ. ರೂಟರ್ ಪುಟಕ್ಕೆ ಹೋಗಿ, "ಲ್ಯಾನ್" ಅನ್ನುವಲ್ಲಿ 192.168.1.1 ಇದ್ದದ್ದನ್ನು 192.168.83.1 ಮಾಡಿ ಸೇವ್ ಮಾಡಿದರೆ ರೂಟರ್ ಮತ್ತೆ ಶುರುವಾಗುತ್ತದೆ, ಲ್ಯಾಪ್‌ಟಾಪ್ ಹೊಸ ನಂಬರ್ ಪಡೆಯುತ್ತದೆ, ಆಯಿತು. ಆದರೆ ಇಬ್ಬರು ಮೂವರು ಮನೆಯಿಂದ ಕೆಲಸ ಮಾಡುವುದಾದರೆ ಒಬ್ಬೊಬ್ಬರ ಮನೆಗೂ ಹೋಗಿ ಬದಲಿಸುವುದಕ್ಕಿಂತ ಅಂಗಡಿಯದನ್ನೇ ಒಂದು ಸಲ ಬದಲಿಸಿಬಿಡಿ, 192.168.57 ಅಂತಲೋ ಏನೋ, ಯಾರೂ ಇಡದಂಥದ್ದು. ರಜೆಯ ದಿನ ಮಾಡಿ. ಅಂಗಡಿಯ ಪ್ರಿಂಟರ್, ಸಿಸಿಟಿವಿ, ಇನ್ನೊಂದು ಕಂಪ್ಯೂಟರ್‌ನ ಟ್ಯಾಲಿ, ಇವೆಲ್ಲ ಹಳೇ ನಂಬರ್ ನೆನಪಿಟ್ಟುಕೊಂಡಿರುತ್ತವೆ, ಒಂದೊಂದನ್ನೂ ಸರಿ ಮಾಡಬೇಕು.

ಇನ್ನೊಂದು ಸಣ್ಣ ಹೊಂದಿಕೆ ಇದೆ. ವಿಂಡೋಸ್ ತಾನಾಗಿ ಏನು ಮಾಡುತ್ತದೆ ಅಂದ್ರೆ, ವಿಪಿಎನ್ ಸೇರಿದ ಮೇಲೆ ನಿಮ್ಮ ಇಡೀ ಇಂಟರ್ನೆಟ್ಟನ್ನು ಅಂಗಡಿಯ ಮೂಲಕ ಕಳಿಸುತ್ತದೆ. ಪಕ್ಕದಲ್ಲಿ ಮಗ ಅದೇ ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ಹಾಕಿದರೆ ಅದೂ ಅಂಗಡಿಗೆ ಹೋಗಿ ಬರುತ್ತದೆ, ಎಲ್ಲಾ ನಿಧಾನ. ಬೇಡ ಅಂದರೆ ಕಂಟ್ರೋಲ್ ಪ್ಯಾನಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ಆ ವಿಪಿಎನ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, "ನೆಟ್‌ವರ್ಕಿಂಗ್" ಹಾಳೆಯಲ್ಲಿ "ಇಂಟರ್ನೆಟ್ ಪ್ರೊಟೊಕಾಲ್ ವರ್ಷನ್ 4", ಅದರ ಪ್ರಾಪರ್ಟೀಸ್, "ಅಡ್ವಾನ್ಸ್ಡ್", ಅಲ್ಲಿ "ಯೂಸ್ ಡಿಫಾಲ್ಟ್ ಗೇಟ್‌ವೇ ಆನ್ ರಿಮೋಟ್ ನೆಟ್‌ವರ್ಕ್" ಅನ್ನುವುದರ ಟಿಕ್ ತೆಗೆಯಿರಿ. ವಿಪಿಎನ್ ನಿಮಗೆ ಕೊಡುವ ನಂಬರ್ ಅಂಗಡಿಯ ಸಾಲಿನದೇ ಆಗಿದ್ದರೆ ಇಷ್ಟು ಸಾಕು. ಅಂಗಡಿ ಲೆಕ್ಕಕ್ಕೆ ನಾನು ಟಿಕ್ ತೆಗೆದೇ ಕೊಡುತ್ತೇನೆ. ಆದರೆ ಬಸ್ ಸ್ಟ್ಯಾಂಡ್, ಲಾಡ್ಜ್ ಥರ ಎಲ್ಲರ ವೈಫೈನಲ್ಲಿ ಕೂರುವವರು ಟಿಕ್ ಇಟ್ಟುಕೊಳ್ಳಿ, ಆಗ ನಿಮ್ಮದೆಲ್ಲ ಕೊಳವೆಯೊಳಗೇ ಹೋಗುತ್ತದೆ.

ಸೇರುವುದೇ ಇಲ್ಲ ಅಂದ್ರೆ

ಸೆಟ್ಟಿಂಗ್ಸ್‌ನಲ್ಲಿ ಬರುವ ಸಂದೇಶ ಎಷ್ಟೋ ಸಲ ಏನನ್ನೂ ಹೇಳುವುದಿಲ್ಲ. ನಂಬರ್ ಬೇಕು. ಅದು ಇವೆಂಟ್ ವ್ಯೂವರ್‌ನಲ್ಲಿ ಇರುತ್ತದೆ. ಸ್ಟಾರ್ಟ್‌ನಲ್ಲಿ ಅದರ ಹೆಸರು ಹುಡುಕಿ, "ವಿಂಡೋಸ್ ಲಾಗ್ಸ್", ಅದರಲ್ಲಿ "ಅಪ್ಲಿಕೇಶನ್", ಸೋರ್ಸ್ "ರಾಸ್‌ಕ್ಲೈಂಟ್" ಅಂತ ಇರುವ 20227ನೇ ಇವೆಂಟ್ ನೋಡಿ. ಕೊನೆಯಲ್ಲಿ ಎರರ್ ಕೋಡ್ ಬರೆದಿರುತ್ತದೆ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಫೋನ್ ಮಾಡುವಾಗ "ಬರ್ತಿಲ್ಲ ಸರ್" ಅನ್ನುವ ಬದಲು ಆ ನಂಬರ್ ಹೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

691 ಬಂದರೆ ಸಾಮಾನ್ಯವಾಗಿ ಯೂಸರ್ ನೇಮ್ ಅಥವಾ ಪಾಸ್‌ವರ್ಡ್ ತಪ್ಪು. ದೊಡ್ಡಕ್ಷರ ಸಣ್ಣಕ್ಷರ ನೋಡಿ. ಅದು ಸರಿ ಇದ್ದೂ ಬಂದರೆ ಅದೇ ಪ್ರಾಪರ್ಟೀಸ್‌ನ "ಸೆಕ್ಯುರಿಟಿ" ಹಾಳೆಯಲ್ಲಿ "ಎಂಎಸ್-ಚಾಪ್ ವಿ2"ಗೆ ಟಿಕ್ ಇದೆಯಾ ನೋಡಿ. 868 ಅಂದರೆ ಸರ್ವರ್ ಹೆಸರು ಸಿಗುತ್ತಿಲ್ಲ, ಕಾಗುಣಿತ ತಪ್ಪಿರುತ್ತದೆ ಅಥವಾ ನಿಮಗೆ ಇಂಟರ್ನೆಟ್ಟೇ ಇರುವುದಿಲ್ಲ. 789 ಎಲ್2ಟಿಪಿಯಲ್ಲಿ ಬರುತ್ತದೆ, ಮೊದಲು ಪ್ರೀ-ಶೇರ್ಡ್ ಕೀ ಮತ್ತೆ ಬರೆಯಿರಿ, ಅಂಟಿಸಬೇಡಿ. ಅಪರೂಪಕ್ಕೆ ತಪ್ಪು ನಿಮ್ಮದಾಗಿರುವುದಿಲ್ಲ. 2022ರ ಜನವರಿ 11ರ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಹಲವು ಕಡೆ ಎಲ್2ಟಿಪಿ ನಿಂತಿತ್ತು, 17ಕ್ಕೆ ಅದನ್ನು ಸರಿಪಡಿಸುವ ಅಪ್‌ಡೇಟ್ ಬಂತು. ನಿನ್ನೆವರೆಗೆ ಚೆನ್ನಾಗಿದ್ದು ಇವತ್ತು ಎಲ್ಲರಿಗೂ ಒಟ್ಟಿಗೆ ನಿಂತರೆ ಅಪ್‌ಡೇಟ್ ಕಡೆ ನೋಡಿ.

809 ಬಂದರೆ ಆ ಕಡೆಯಿಂದ ಉತ್ತರವೇ ಇಲ್ಲ ಅಂತ. ಮೊದಲು ಅಂಗಡಿಗೆ ಫೋನ್ ಮಾಡಿ ಕರೆಂಟ್ ಇದೆಯಾ ಕೇಳಿ. ಇದ್ದರೆ, ಮೊಬೈಲ್ ಹಾಟ್‌ಸ್ಪಾಟ್‌ನಿಂದ ಒಮ್ಮೆ ಪ್ರಯತ್ನಿಸಿ. ಹಾಟ್‌ಸ್ಪಾಟ್‌ನಲ್ಲಿ ಬಂದು ಮನೆಯ ಲೈನ್‌ನಲ್ಲಿ ಬರದಿದ್ದರೆ ನಿಮ್ಮ ಮನೆಯ ರೂಟರ್ 500 ಮತ್ತು 4500 ಯುಡಿಪಿ ಪೋರ್ಟ್‌ಗಳನ್ನು ತಡೆಯುತ್ತಿರಬಹುದು. ಎರಡರಲ್ಲೂ ಬರದಿದ್ದರೆ ಸಮಸ್ಯೆ ಅಂಗಡಿ ಕಡೆ. ಅಂಗಡಿಯ ವಿಪಿಎನ್ ರೂಟರ್ ಇನ್ನೊಂದು ಮೋಡೆಮ್ ಹಿಂದೆ ಕೂತಿದ್ದರೆ ಎಲ್2ಟಿಪಿಗೆ ವಿಂಡೋಸ್ ತಾನಾಗಿ ಒಪ್ಪುವುದಿಲ್ಲ, ನಿಮ್ಮ ಲ್ಯಾಪ್‌ಟಾಪ್‌ನ ರಿಜಿಸ್ಟ್ರಿಯ, ಅಂದರೆ ವಿಂಡೋಸ್ ತನ್ನ ಒಳಗಿನ ಹೊಂದಿಕೆಗಳನ್ನು ಬರೆದಿಟ್ಟುಕೊಳ್ಳುವ ಕಡೆಯ, "ಪಾಲಿಸಿಏಜೆಂಟ್" ಜಾಗದಲ್ಲಿ ಒಂದು ಹೊಸ ಸಂಖ್ಯೆ ಸೇರಿಸಿ ಅದರ ಬೆಲೆ 2 ಮಾಡಿ ಕಂಪ್ಯೂಟರ್ ಮತ್ತೆ ಶುರು ಮಾಡಬೇಕು. ರಿಜಿಸ್ಟ್ರಿ ಮುಟ್ಟಿ ಅಭ್ಯಾಸ ಇಲ್ಲದವರು ತಿಳಿದವರಿಂದಲೇ ಮಾಡಿಸಿ.

ಹಾಟ್‌ಸ್ಪಾಟ್‌ನಲ್ಲಿ ಮಾತ್ರ ಬರುತ್ತಿಲ್ಲ ಅಂದರೆ ಸೆಟ್ಟಿಂಗ್ಸ್‌ನ ಅದೇ ವಿಪಿಎನ್ ಪುಟದಲ್ಲಿ ಕೆಳಗೆ "ಅಲೋ ವಿಪಿಎನ್ ಓವರ್ ಮೀಟರ್ಡ್ ನೆಟ್‌ವರ್ಕ್ಸ್" ಅಂತ ಒಂದು ಸ್ವಿಚ್ ಇದೆ. ಅದು ಆಫ್ ಆಗಿದ್ದರೆ ಡೇಟಾ ಲೆಕ್ಕದ ಲೈನ್‌ನಲ್ಲಿ ವಿಪಿಎನ್ ಸೇರುವುದಿಲ್ಲ. ಆನ್ ಮಾಡಿ.

13801 ಅಥವಾ ಸರ್ಟಿಫಿಕೇಟ್ ಅಂತ ಏನಾದರೂ ಬಂದರೆ, ಬೇರೆ ಏನೂ ಮುಟ್ಟುವ ಮುಂಚೆ ಕೆಳಗೆ ಮೂಲೆಯಲ್ಲಿರುವ ತಾರೀಕು ನೋಡಿ. ಹಳೇ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032 ಅಂತ. ಅದು ಸತ್ತರೆ ಕರೆಂಟ್ ಹೋಗಿ ಬಂದಾಗೆಲ್ಲ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಅದರ ಲೆಕ್ಕದಲ್ಲಿ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇರುವುದಿಲ್ಲ, ಹಾಗಾಗಿ ನಂಬುವುದಿಲ್ಲ. ಬ್ಯಾಟರಿ ಹಾಕಿಸಿ, ತಾರೀಕು ಸರಿ ಮಾಡಿ. ಟ್ಯಾಲಿಯ ವೋಚರ್ ತಾರೀಕಿಗೂ ಅದು ಒಳ್ಳೆಯದು.

ಅಂಗಡಿ ಕಡೆಯ ಕೆಲಸ

ಇದು ಮಾಲೀಕರಿಗೆ. ವಿಪಿಎನ್ ಸೌಲಭ್ಯ ಇರುವ ರೂಟರ್ ಬೇಕು, ಇಂಟರ್ನೆಟ್ ಕಂಪನಿ ಕೊಡುವ ಸಾಮಾನ್ಯ ಮೋಡೆಮ್‌ನಲ್ಲಿ ಬಹಳ ಸಲ ಇರುವುದಿಲ್ಲ. ಅದಕ್ಕಿಂತ ಮುಖ್ಯ, ಹೊರಗಿನಿಂದ ತಲುಪಬಹುದಾದ ಸ್ವಂತ ಐಪಿ ಬೇಕು. ಈಗ ಹೆಚ್ಚಿನ ಲೈನ್‌ಗಳಲ್ಲಿ ಒಂದೇ ಹೊರಗಿನ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚಿರುತ್ತಾರೆ, ಹಾಗಿದ್ದರೆ ಹೊರಗಿನಿಂದ ನಿಮ್ಮ ಬಾಗಿಲು ತಟ್ಟಲು ಆಗುವುದೇ ಇಲ್ಲ. ಪರೀಕ್ಷೆ ಸುಲಭ. ರೂಟರ್ ಪುಟದಲ್ಲಿ "ವ್ಯಾನ್ ಐಪಿ" ನೋಡಿ. ಅದು 100.64ರಿಂದ 100.127ರವರೆಗೆ ಅಥವಾ 10ರಿಂದ ಶುರುವಾಗಿದ್ದರೆ ಹಂಚಿಕೆಯದು. ಲೈನ್ ಕೊಟ್ಟವರಿಗೆ ಸ್ಟ್ಯಾಟಿಕ್ ಐಪಿ (ಬದಲಾಗದ ಸ್ವಂತ ಐಪಿ) ಬೇಕು ಅಂತ ಕೇಳಿ, ಅದಕ್ಕೆ ಬೇರೆ ದುಡ್ಡು ಇರುತ್ತದೆ. ಕೊಡದಿದ್ದರೆ ಟೇಲ್‌ಸ್ಕೇಲ್ ಥರದ ಪ್ರೋಗ್ರಾಂ ಎರಡೂ ಕಂಪ್ಯೂಟರ್‌ನಲ್ಲಿ ಹಾಕಿದರೆ ಸ್ವಂತ ಐಪಿ ಇಲ್ಲದೆಯೂ ನಡೆಯುತ್ತದೆ. ಹೊಸ ರೂಟರ್‌ನಲ್ಲಿ ವೈರ್‌ಗಾರ್ಡ್ ಅನ್ನುವ ಬಗೆಯ ವಿಪಿಎನ್ ಇದ್ದರೆ ಅದೂ ತುಂಬಾ ಚೆನ್ನಾಗಿದೆ, ವೇಗವಾಗಿದೆ. ವಿಂಡೋಸ್‌ನಲ್ಲಿ ಅದು ಇಲ್ಲ, ಅದರದೇ ಸಣ್ಣ ಪ್ರೋಗ್ರಾಂ ಹಾಕಿ, ರೂಟರ್ ಕೊಟ್ಟ ಫೈಲನ್ನು "ಇಂಪೋರ್ಟ್" ಮಾಡಿ "ಆ್ಯಕ್ಟಿವೇಟ್" ಒತ್ತಿದರೆ ಮುಗಿಯಿತು. ಆ ಫೈಲಿನಲ್ಲೇ ಬೀಗದ ಕೈ ಇರುತ್ತದೆ, ಹಾಗಾಗಿ ಅದನ್ನು ಗ್ರೂಪ್‌ಗಳಿಗೆ ಹಾಕಬೇಡಿ.

ಕರೆಂಟ್ ವಿಷಯ. ರಾತ್ರಿ ಅಂಗಡಿಯಲ್ಲಿ ಯಾರೂ ಇರುವುದಿಲ್ಲ. ಮೋಡೆಮ್, ರೂಟರ್, ಕಂಪ್ಯೂಟರ್ ಮೂರನ್ನೂ ಯುಪಿಎಸ್‌ಗೆ ಹಾಕಿ, ಎಷ್ಟೋ ಕಡೆ ಕಂಪ್ಯೂಟರ್ ಮಾತ್ರ ಯುಪಿಎಸ್‌ನಲ್ಲಿ ಇದ್ದು ಮೋಡೆಮ್ ಗೋಡೆಯ ಪ್ಲಗ್‌ನಲ್ಲಿ ಇರುತ್ತದೆ. ಕಂಪ್ಯೂಟರ್‌ನ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್‌ನಲ್ಲಿ, ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ಹಾಕಿಡಿ. ವಿಂಡೋಸ್‌ನಲ್ಲಿ ಸ್ಲೀಪ್ ತೆಗೆಯಿರಿ. ಬಾಗಿಲು ಹಾಕುವವರು ಅಭ್ಯಾಸದಿಂದ ಮೇನ್ ಸ್ವಿಚ್ ಆರಿಸಿ ಹೋಗುತ್ತಾರೆ, ಅವರಿಗೆ ಒಂದು ಮಾತು ಹೇಳಿ.

ಎಲ್ಲರಿಗೂ ಒಂದೇ ಯೂಸರ್ ನೇಮ್ ಕೊಡಬೇಡಿ. ಒಬ್ಬೊಬ್ಬರಿಗೆ ಒಂದೊಂದು ಇದ್ದರೆ ಕೆಲಸ ಬಿಟ್ಟವರದನ್ನು ಮಾತ್ರ ತೆಗೆಯಬಹುದು, ಉಳಿದವರಿಗೆ ತೊಂದರೆ ಇಲ್ಲ. ವಿಪಿಎನ್ ಸರಿ ಹೋದ ದಿನವೇ ರೂಟರ್‌ನಲ್ಲಿ 3389 ತೆರೆದಿದ್ದರೆ ಮುಚ್ಚಿ. "ಇರಲಿ, ವಿಪಿಎನ್ ಕೆಟ್ಟರೆ ಬೇಕಾಗುತ್ತೆ" ಅಂತ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಬ್ಯಾಕಪ್ ಪೆನ್‌ಡ್ರೈವ್ ತೆಗೆದುಕೊಂಡು ಮನೆಗೆ ಹೋಗಿ.

ಇನ್ನು ಪುಕ್ಕಟೆ ವಿಪಿಎನ್ ಆ್ಯಪ್‌ಗಳು. ಅವು ನಿಮ್ಮನ್ನು ಅಂಗಡಿಗೆ ಸೇರಿಸುವುದಿಲ್ಲ, ಬೇರೆ ಯಾರದೋ ಸರ್ವರ್‌ಗೆ ಸೇರಿಸುತ್ತವೆ. ನಿಮ್ಮ ಓಡಾಟವೆಲ್ಲ ಅವರ ಮೂಲಕ ಹೋಗುತ್ತದೆ, ಅವರು ಯಾರು ಅಂತ ನಿಮಗೆ ಗೊತ್ತಿರುವುದಿಲ್ಲ. ಬ್ಯಾಂಕಿಂಗ್, ಜಿಎಸ್‌ಟಿ ಕೆಲಸ ಮಾಡುವ ಕಂಪ್ಯೂಟರ್‌ನಲ್ಲಿ ಅವು ಇರಲೇಬಾರದು. ವಿಪಿಎನ್ ಅಂದರೆ ಕಾನೂನಿಗೆ ವಿರುದ್ಧ ಅಲ್ವಾ ಅಂತಲೂ ಕೇಳುತ್ತಾರೆ. ನಮ್ಮ ಕೆಲಸಕ್ಕೆ ವಿಪಿಎನ್ ಬಳಸುವುದು ಅಪರಾಧವಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶ ಜನರಿಗೆ ವಿಪಿಎನ್ ಮಾರುವ ಕಂಪನಿಗಳಿಗೆ, ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ. ಸ್ವಂತ ಆಫೀಸಿಗೆ ಸೇರುವ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲ.

ಕೆಲಸ ಮುಗಿದ ಮೇಲೆ ಸುಮ್ನೆ ಲ್ಯಾಪ್‌ಟಾಪ್ ಮುಚ್ಚಬೇಡಿ. ಟ್ಯಾಲಿಯಿಂದ ಹೊರಗೆ ಬನ್ನಿ, ಅಂಗಡಿ ಕಂಪ್ಯೂಟರ್‌ನ ಸ್ಟಾರ್ಟ್‌ನಲ್ಲಿ "ಸೈನ್ ಔಟ್" ಮಾಡಿ, "ಶಟ್ ಡೌನ್" ಒತ್ತಬೇಡಿ, ಒತ್ತಿದರೆ ಯಾರಾದರೂ ಅಂಗಡಿಗೆ ಹೋಗಿಯೇ ಮತ್ತೆ ಆನ್ ಮಾಡಬೇಕು. ಆಮೇಲೆ ವೈಫೈ ಗುರುತಿನ ಪಕ್ಕ ವಿಪಿಎನ್ "ಡಿಸ್ಕನೆಕ್ಟ್" ಮಾಡಿ. ವಿದ್ಯಾನಗರದ ಆ ಅಕ್ಕ ಇದನ್ನು ಅಷ್ಟೂ ಒಂದು ರಟ್ಟಿನ ಮೇಲೆ ಬರೆದು ಮೇಜಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಈ ಸುಗ್ಗಿಯಲ್ಲಿ ಅವರು ರಾತ್ರಿ ಒಮ್ಮೆಯೂ ಮಂಡಿಪೇಟೆಗೆ ಹೋಗಲಿಲ್ಲ.